ಅರ್ಜಿ ನನ್ನದು, ಸಹಿ ಅವರದು

ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಕಾನೂನು ಓದಲು ಕುಳಿತೆ. ಕುಳಿತೆ ಎನ್ನುವುದೂ ಸುಳ್ಳೇ. ಅಂಚೆಯಲ್ಲಿ ಬಂದ ಪುಸ್ತಕಗಳನ್ನು ಓದಿದ್ದೆಲ್ಲ ಮೆಟ್ರೊದಲ್ಲಿ ನಿಂತು, ಇಲ್ಲವೇ ಕುಕ್ಕರಿನ ಸೀಟಿ ಎಣಿಸುತ್ತ.

ನಾರಾಯಣಗೂಡದ ಒಬ್ಬ ವಕೀಲರ ಕಚೇರಿಯಲ್ಲಿ ನಾನು ಹದಿನಾರು ವರ್ಷಗಳಿಂದ ಟೈಪಿಸ್ಟ್. ಹೆಸರಿಗೆ ಟೈಪಿಸ್ಟ್ ಅಷ್ಟೆ. ನೋಟಿಸು, ಅಫಿಡವಿಟ್ಟು, ಅರ್ಜಿ ಎಲ್ಲವೂ ಮೊದಲು ಹುಟ್ಟುವುದು ನನ್ನ ಕೈಯಲ್ಲೇ. ಕೋರ್ಟಿನಲ್ಲಿ ಅವರು ಮುಂದೆ, ಫೈಲು ಹೊತ್ತ ನಾನು ಹಿಂದೆ. ನ್ಯಾಯಾಧೀಶರು ಏನಾದರೂ ಕೇಳಿದರೆ ವಕೀಲರು ಸ್ವಲ್ಪ ಹಿಂದಕ್ಕೆ ವಾಲುತ್ತಾರೆ, ನಾನು ಪಿಸುಗುಡುತ್ತೇನೆ, ಅವರು ಅದನ್ನೇ ಗಟ್ಟಿಯಾಗಿ ಹೇಳುತ್ತಾರೆ. ಅವರ ಕೊರಳಿನ ಬಿಳಿ ಪಟ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದೂ ಯಾವಾಗಲೋ ನನ್ನ ಪಾಲಿಗೇ ಬಂದಿತ್ತು. ನನ್ನ ಮಾತನ್ನು ಒಂದು ಸಲವಾದರೂ ನನ್ನ ಬಾಯಿಂದಲೇ ಹೇಳಬೇಕು ಎಂಬ ಆಸೆ ಹುಟ್ಟಿತು. ಆಸೆ ಅಷ್ಟೇ, ಹೆಚ್ಚೇನೂ ಇಲ್ಲ.

ವಕೀಲರು ನಮ್ಮ ಕಲಬುರಗಿ ಕಡೆಯವರು. ಹೊರಗೆ ದಿನವಿಡೀ ತೆಲುಗು, ಹಿಂದಿ ಮಾತಾಡಿ ಬಂದವಳಿಗೆ ಅವರ ಕಚೇರಿಯ ಕನ್ನಡವೇ ತವರುಮನೆ. ನನ್ನ ಆಸೆ ಕೇಳಿದೊಡನೆ ಅವರು ನಕ್ಕರು.

"ಓದವಾ ತಂಗಿ, ಛಲೋ ಆತು. ರೆಗ್ಯುಲರ್ ಕಾಲೇಜು ನಿನಗ ಆಗೂದಿಲ್ಲ. ಅಂಚೆ ಮ್ಯಾಲೆ ಓದೂದು ಐತಿ. ಫಾರ್ಮು ನಾನಽ ತುಂಬತೀನಿ, ನೀ ಬರೇ ಸಹಿ ಹಾಕು."

ಹಾಕಿದೆ. ಯಾರಾದರೂ ಬಾಡಿಗೆ ಕರಾರು ತಂದರೆ ಹಿಂಬದಿಯ ಸಣ್ಣ ಅಕ್ಷರವನ್ನೂ ಬಿಡದೆ ಓದಿ ಹೇಳುವವಳು ನಾನು. ನನ್ನ ಕಾಗದವನ್ನು ಮಾತ್ರ ಓದಲಿಲ್ಲ. ಬೇರೆಯವರು ಕೊಟ್ಟಿದ್ದರೆ ನಾಲ್ಕು ಸಲ ತಿರುವಿ ನೋಡುತ್ತಿದ್ದೆ. ನಮ್ಮವರು, ತಂಗಿ ಎಂದವರು, ಅವರ ಮೇಲೆ ಅನುಮಾನವೇ? ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ಭಾನುವಾರಗಳಂದು ಒಂದು ಶಾಲೆಯಲ್ಲಿ ಸಂಪರ್ಕ ತರಗತಿ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ತೂರಿಸಿಕೊಂಡು ಕುಳಿತ ದೊಡ್ಡವರು ನಾವು. ಪಾಠ ಮಾಡುವವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಯಜಮಾನರು, "ಇನ್ನ ನಿನ್ನ ಜೋಡಿ ಜಗಳಾಡಾಕ ನಾನೊಬ್ಬ ವಕೀಲನ್ನ ಇಟ್ಕೋಬೇಕು" ಎಂದು ಕಾಡುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು. ಎಲ್ಲ ಪತ್ರಿಕೆಗಳಲ್ಲೂ ಪಾಸಾದೆ. ಫಲಿತಾಂಶ ಬಂದ ವಾರ ವಕೀಲರಿಗೆ ಹೊಸ ಪಟ್ಟಿ ಹೊಲಿಯುವಾಗ ಉಳಿದ ಬಟ್ಟೆಯಲ್ಲಿ ನನಗೂ ಒಂದು ಹೊಲಿದುಕೊಂಡೆ.

ಪದವಿ ಪತ್ರ ಹಿಡಿದು ವಕೀಲಿಕೆಗೆ ಹೆಸರು ನೋಂದಾಯಿಸುವ ಕಚೇರಿಗೆ ಹೋದೆ. ಕಿಟಕಿಯ ಆಚೆಗಿದ್ದವನು ಪತ್ರವನ್ನು ಒಂದೇ ಸಲ ನೋಡಿ ಹಿಂದಿರುಗಿಸಿದ. "ಅಮ್ಮಾ, ದೀನಿಕಿ ಎನ್‌ರೋಲ್‌ಮೆಂಟ್ ಉಂಡದು." ಇದಕ್ಕೆ ನೋಂದಣಿ ಇಲ್ಲ. ಕಾಲೇಜಿಗೆ ಹೋಗಿ ಓದಿದವರಿಗೆ ಮಾತ್ರ ಕೋರ್ಟು, ಅಂಚೆಯಲ್ಲಿ ಓದಿದ್ದು ತಿಳಿವಳಿಕೆಗೆ ಮಾತ್ರ. ಅವನು ಒರಟಾಗಿ ಹೇಳಲಿಲ್ಲ, ಪಾಪ. ಮನೆಗೆ ಬಂದು ಪ್ರವೇಶದ ಪುಸ್ತಿಕೆ ಹುಡುಕಿ ತೆಗೆದೆ. ಕೊನೆಯ ಪುಟದ ಅಡಿಯಲ್ಲಿ ಅದೇ ಮಾತು ಸ್ಪಷ್ಟವಾಗಿ ಅಚ್ಚಾಗಿತ್ತು.

ಮರುದಿನ ಕಚೇರಿಯಲ್ಲಿ ಕೇಳಿದೆ. "ಅಣ್ಣಾರ, ಇದು ನಿಮಗ ಮೊದಲಽ ಗೊತ್ತಿತ್ತೇನ್ರಿ?"

ಅವರು ಚಹಾದ ಕಪ್ಪು ಕೆಳಗಿಡಲಿಲ್ಲ. "ಗೊತ್ತಿತ್ತವಾ. ಹೇಳಿದ್ರ ನೀ ಓದ್ತಿದ್ದೇನು? ಈಗ ನೋಡು, ನಿನ್ನ ಡ್ರಾಫ್ಟಿನ್ಯಾಗ ಒಂದು ತಪ್ಪು ಇರೂದಿಲ್ಲ. ಕಲಿತದ್ದು ಎಲ್ಲಿ ಹೋಕ್ಕೈತಿ?"

ಎಲ್ಲಿಗೂ ಹೋಗಿರಲಿಲ್ಲ, ನಿಜ. ಅವರ ಮೇಜಿನ ಮೇಲೇ ಇತ್ತು. ನನಗೆ ಬಂದ ಸಿಟ್ಟಿಗೆ ಆ ಕಪ್ಪು ಎತ್ತಿ ಗೋಡೆಗೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ನನಗೆಂದು ಹೊಲಿದ ಪಟ್ಟಿಯಿಂದ ಈಗ ಕೀಬೋರ್ಡಿನ ಧೂಳು ಒರೆಸುತ್ತೇನೆ.

ಆದರೆ ಒಂದು ಹಟ ಹಿಡಿದೆ: ಅವರು ಏನು ಹೇಳುತ್ತಾರೋ ಅದನ್ನೇ ಟೈಪ್ ಮಾಡುವುದು, ಒಂದಕ್ಷರವನ್ನೂ ತಿದ್ದುವುದಿಲ್ಲ. ಅದೇ ವಾರ ಅಮೀರ್‌ಪೇಟೆಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಬಂದಳು. ಬಿಟ್ಟುಹೋದ ಗಂಡನಿಂದ ಜೀವನಾಂಶ ಕೇಳುವ ಅರ್ಜಿ. ಕಾನೂನು ಬದಲಾಗಿ ಕಲಂ ಸಂಖ್ಯೆಗಳೆಲ್ಲ ಹೊಸದಾಗಿದ್ದರೂ ವಕೀಲರ ನಾಲಿಗೆಗೆ ಹಳೆಯದೇ ರೂಢಿ. "ನೂರಾ ಇಪ್ಪತ್ತೈದು" ಎಂದರು. ಹಿಂದಾಗಿದ್ದರೆ ನಾನು ಸದ್ದಿಲ್ಲದೆ ನೂರಾ ನಲವತ್ತನಾಲ್ಕು ಎಂದು ಹಾಕುತ್ತಿದ್ದೆ. ಅವತ್ತು ಅವರು ಹೇಳಿದ್ದನ್ನೇ ಹಾಕಿದೆ. ಅರ್ಜಿ ಆಕ್ಷೇಪಣೆಯೊಂದಿಗೆ ವಾಪಸು ಬರಲಿ, ತುಂಬಿದ ಕೋರ್ಟಿನಲ್ಲಿ ಅವರ ಮುಖ ಸಣ್ಣದಾಗಲಿ ಎಂದು ಮನಸಾರೆ ಬಯಸಿದೆ.

ಮುದ್ರಿಸಿದ ಹಾಳೆಗಳನ್ನು ಜೋಡಿಸುತ್ತಿದ್ದಾಗ ಆ ಹೆಂಗಸು ನನ್ನ ಮೇಜಿನ ಹತ್ತಿರ ಬಂದಳು. ಓದಲು ಬಾರದವಳು ಹಾಳೆಯನ್ನೇ ದಿಟ್ಟಿಸುತ್ತ, "ಅಂತಾ ಸರಿಗ್ಗಾ ರಾಶಾರಾ ಅಮ್ಮಾ?" ಎಂದಳು. ಎಲ್ಲ ಸರಿಯಾಗಿ ಬರೆದಿರಾ?

ಅವಳೂ ಓದದೆಯೇ ನಂಬಿ ಬಂದವಳು. ಅರ್ಜಿ ವಾಪಸಾದರೆ ಸಣ್ಣದಾಗುವುದು ವಕೀಲರ ಮುಖವಲ್ಲ. ಕೆಲಸ ಬಿಟ್ಟು ಮತ್ತೆ ಮತ್ತೆ ಇಲ್ಲಿಗೆ ಅಲೆಯಬೇಕಾದವಳು ಅವಳು.

ಹಾಳೆಯನ್ನು ಹರಿದೆ. ನೂರಾ ನಲವತ್ತನಾಲ್ಕು ಎಂದು ತಿದ್ದಿ ಮತ್ತೆ ಮುದ್ರಿಸಿ ವಕೀಲರ ಮುಂದೆ ಇಟ್ಟೆ. ಅವರು ಓದದೆ ಸಹಿ ಹಾಕಿದರು. ಹೆಂಗಸು ಹೆಬ್ಬೆಟ್ಟೊತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಅವರಿಗೆ ಕೈಮುಗಿದು ಹೋದಳು.