ಬಾಲವಿಲ್ಲದ ಮೀನಿನ ಮುದ್ರೆ

ಲೇಚು ಹೊಕ್‌ಲೈಯ ಹೆಸರನ್ನು ಮೊದಲು ಕೇಳಿದ್ದು ಸಮುದ್ರದಂಡೆಯಲ್ಲಿ, ಸಿಂಪಿ ಬಿಡಿಸುವ ಕಟ್ಟೆಯ ಮೇಲೆ. ಚೀನಾದ ಕರಾವಳಿಗೆ ಎದುರಾಗಿರುವ ಕಿನ್ಮೆನ್ ದ್ವೀಪಕ್ಕೆ ಅವಳು ಸೊಸೆಯಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಹೆಂಗಸರು ಚಿಪ್ಪು ಸೀಳುತ್ತ ಯಾರನ್ನೋ ಆಡಿಕೊಂಡು ನಗುತ್ತಿದ್ದರು.

"ಕೊಬ್ಬಿದ ಹಂದೀನ ಕೊಟ್ಟು ಒಂದು ಹಳೇ ಬೆಳ್ಳಿನಾಣ್ಯ ತಗೊಂಡನಂತೆ ಕಣ್ರೇ, ಆ ಹೊಕ್‌ಲೈ. ಅದೂ ಮೈಯೆಲ್ಲ ಚುಚ್ಚಿರೋದು."

"ಚುಚ್ಚಿರೋದೇ ಬೇಕಂತೆ ಅವನಿಗೆ. ನುಣ್ಣಗಿರೋದು ಕೊಟ್ರೆ ಮುಖ ತಿರುಗಿಸ್ತಾನೆ."

"ಓ, ಅದಕ್ಕೇ ಹೋದ ವರ್ಷ ನಿನ್ನ ಕೇಳ್ಕೊಂಡು ಬಂದಿದ್ದು. ಸಿಡುಬಿನ ಕಲೆ ನೋಡಿ ಮೆಚ್ಚಿರಬೇಕು."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಹೊಸ ಸೊಸೆ ನಗಬಾರದೆಂದು ಲೇಚು ತುಟಿ ಕಚ್ಚಿ ಕುಳಿತಳು.

ಮುಂದೆ ಗಂಡ ತೀರಿಕೊಂಡು ಅವಳು ಸಿಂಪಿ ಶಾವಿಗೆಯ ಅಂಗಡಿ ಇಟ್ಟಾಗ ಪಕ್ಕದ ಮಳಿಗೆ ಅದೇ ಹೊಕ್‌ಲೈಯದಾಗಿತ್ತು. ತೂತುಬಿದ್ದ ಬಾಣಲೆಗಳಿಗೆ ಬೆಸುಗೆ ಹಾಕುವುದು ಅವನ ಕಸುಬು. ಅವನಿಗೆ ಮದುವೆಯಾಗಿರಲಿಲ್ಲ. ಊರ ಬಾಯಿಗೆ ಮುಚ್ಚಳ ಇಲ್ಲ. ಒಂದಿಷ್ಟು ದಿನ ಇವರಿಬ್ಬರನ್ನೂ ಸೇರಿಸಿ ಆಡಿಕೊಂಡು, ಹುರುಳು ಸಿಗದೆ ಸುಮ್ಮನಾಯಿತು.

ಅವನ ಬಿಸ್ಕತ್ತಿನ ಡಬ್ಬಿಯಲ್ಲಿ ಲೋಕವೇ ಇತ್ತು. ಮೆಕ್ಸಿಕೋದ ಹದ್ದು, ಸ್ಪೇನಿನ ಗುಂಗುರುಗೂದಲ ರಾಜ, ಜಪಾನಿನ ಡ್ರ್ಯಾಗನ್, ಕೈಯಲ್ಲಿ ತ್ರಿಶೂಲ ಹಿಡಿದ ಇಂಗ್ಲಿಷರ ಹೆಂಗಸು. ದ್ವೀಪದಲ್ಲಿ ಬೀಡುಬಿಟ್ಟ ಸಿಪಾಯಿಗಳು ಸೊಂಟಪಟ್ಟಿಯೊಳಗೆ ಹೊಲಿದು ತಂದಿದ್ದನ್ನು ಅವನು ಕೋಳಿ, ಹಂದಿ, ಮದ್ಯ ಕೊಟ್ಟು ಬಿಡಿಸಿಕೊಂಡಿದ್ದ. ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಉಫ್ ಎಂದು ಊದಿ ಕಿವಿಗೆ ತರುತ್ತಿದ್ದ. ಲೇಚುವಿನ ಕಿವಿಗೂ ಹಿಡಿಯುತ್ತಿದ್ದ. ದೂರದಲ್ಲಿ ಯಾರೋ ಗಂಟೆ ಬಾರಿಸಿದಂತೆ ಕೇಳಿಸುತ್ತಿತ್ತು. ಅವಳೊಮ್ಮೆ ಬೂದಿ ಹಾಕಿ ತಿಕ್ಕಿಕೊಡಲೇ ಎಂದಾಗ ಡಬ್ಬಿಯನ್ನೇ ಎದೆಗವಚಿಕೊಂಡ.

"ಕಪ್ಪಾಗಿದ್ರೆ ಆಗಿರಲಿ ತಂಗಿ. ನಿನ್ನ ತಲೆ ನೆರೆತಿದೆ ಅಂತ ಬೂದಿ ಹಾಕಿ ತಿಕ್ತಾರಾ?"

ಅವನು ಹುಡುಕುತ್ತಿದ್ದುದು ಒಂದೇ ಒಂದು ಗುರುತನ್ನು. ಹಿಂದೆ ಪರದೇಶದ ಬೆಳ್ಳಿ ಬಂದರಿಗೆ ಬಂದಾಗ ಚಿನಿವಾರರು ತೂಗಿ, ಸದ್ದು ಕೇಳಿ, ಅಪ್ಪಟವೆನಿಸಿದರೆ ತಮ್ಮ ಅಚ್ಚಿನಿಂದ ಅದರ ಮೇಲೊಂದು ಪೆಟ್ಟು ಹಾಕುತ್ತಿದ್ದರು. ಹೊಕ್‌ಲೈಯ ಅಪ್ಪ ಎದುರುದಡದ ಶಿಯಾಮೆನ್ನಿನಲ್ಲಿ ಅಂಥ ಚಿನಿವಾರ. ಅವನ ಅಚ್ಚು ಒಂದು ಮೀನು. ತುದಿ ಮುರಿದು ಬಾಲ ಹೋಗಿತ್ತು. ಮಗ ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೆಂಕಣ ಕಡಲಿನ ಸುಮಾತ್ರಾಕ್ಕೆ ಹಡಗು ಹತ್ತಿದ. ಸ್ವಲ್ಪ ಕಾಲ ಹಣ ಬಂತು. ಆಮೇಲೆ ಯುದ್ಧ ಬಂತು. ಆಮೇಲೆ ಏನೂ ಬರಲಿಲ್ಲ. ಕಡಲು ನುಂಗಿರಬೇಕೆಂದು ಅವ್ವ ತೀರ್ಮಾನಿಸಿ ವರ್ಷವರ್ಷವೂ ದಂಡೆಯಲ್ಲಿ ಅನ್ನವಿಟ್ಟಳು.

ಆ ಊರಲ್ಲಿ ಗಂಡಹೆಂಡಿರಿಗೆ ಜೋಡಿಗೋರಿ. ಅವ್ವನನ್ನು ಬಲಗಡೆ ಮಲಗಿಸಿ ಎಡಗಡೆಯನ್ನು ಖಾಲಿ ಬಿಟ್ಟಿದ್ದರು. ಹೆಣ ಸಿಗದಿದ್ದರೆ ಸತ್ತವನ ಕೈ ಮುಟ್ಟಿದ ವಸ್ತುವನ್ನಾದರೂ ಇಟ್ಟು ಹೆಸರು ಹಿಡಿದು ಕರೆಯಬೇಕು. ಆಗ ಜೀವ ಬಂದು ಸೇರುತ್ತದೆ. ಆದರೆ ಅಪ್ಪನ ಬಟ್ಟೆಬರೆಯೆಲ್ಲ ತೋಪಿನ ಷೆಲ್ಲು ಬಿದ್ದು ಮನೆಯ ಜೊತೆ ಸುಟ್ಟುಹೋಗಿತ್ತು. ಉಳಿದದ್ದು ಅವನು ಪೆಟ್ಟು ಹಾಕಿದ ನಾಣ್ಯ ಮಾತ್ರ, ಅದು ಎಲ್ಲಾದರೂ ಇದ್ದರೆ. ಅವ್ವ ಸಾಯುವಾಗ ಒಲೆಯ ಬೂದಿಯಲ್ಲಿ ಆ ಮೀನನ್ನು ಬರೆದು ತೋರಿಸಿದ್ದಳು. "ಅಪ್ಪನ್ನ ನನ್ನ ಪಕ್ಕಕ್ಕೆ ಕರ್ಕೊಂಡು ಬಾ ಮಗ" ಎಂದಿದ್ದಳು.

ಹೊಕ್‌ಲೈಯ ತಲೆ ನೆರೆಯಿತು, ಹಲ್ಲು ಸಡಿಲವಾಯಿತು. ಹೂವು, ಚಂದ್ರ, ನಕ್ಷತ್ರ, ಆಮೆ ಎಲ್ಲ ಅಚ್ಚೂ ಸಿಕ್ಕವು. ಮೀನು ಸಿಗಲಿಲ್ಲ.

ಸಿಕ್ಕಿದ್ದು ಹೊಕ್‌ಲೈಯ ಚ್ವಾ ಮನೆತನದ ಹಿರಿಯರ ಗುಡಿ ಹೊಸದಾಗಿ ಕಟ್ಟಿಸಿದ ವರ್ಷ. ತೆಂಕಣ ಕಡಲಿನಿಂದ ನೆಂಟರು ಬಂದಿಳಿದರು. ಅವರಲ್ಲಿ ಲಿಲಿಯಾನಾ ಎಂಬ ಹುಡುಗಿ ಲೇಚುವಿನ ಅಂಗಡಿಯಲ್ಲಿ ಶಾವಿಗೆ ತಿನ್ನಲು ಬಗ್ಗಿದಾಗ ಸರಕ್ಕೆ ಕಟ್ಟಿದ್ದ ಬೆಳ್ಳಿನಾಣ್ಯ ಬಟ್ಟಲಿಗೆ ತಗುಲಿತು. ಲೇಚು ನೋಡಿದಳು. ಬಾಲವಿಲ್ಲದ ಮೀನು. ಸೌಟು ಅಲ್ಲೇ ಬಿಟ್ಟು ಪಕ್ಕದ ಮಳಿಗೆಗೆ ಓಡಿದಳು.

ಹೊಕ್‌ಲೈ ಕೈ ಒರೆಸಿಕೊಂಡು ಬಂದು ಎದುರು ಕುಳಿತ. ನಾಣ್ಯವನ್ನೇ ನೋಡುತ್ತ ಕೇಳಿದ.

"ಇದು ಎಲ್ಲಿ ಸಿಕ್ತು ಮಗಳೇ?"

"ನಮ್ಮಜ್ಜನ ಅಚ್ಚು ತಾತ. ಮನೇಲಿ ಮಗು ಹುಟ್ಟಿದಾಗೆಲ್ಲ ಒಂದೊಂದು ನಾಣ್ಯಕ್ಕೆ ಹೊಡೀತಿದ್ರಂತೆ. ಅತ್ತೆ, ದೊಡ್ಡಪ್ಪ, ನಮ್ಮಪ್ಪ, ಎಲ್ಲರ ಹತ್ರಾನೂ ಇದೆ."

"ಇದು ನಿಮ್ಮಪ್ಪಂದಾ?"

"ಅಲ್ಲ, ಇದೊಂದು ಹೆಚ್ಚಿಗೆ ಇತ್ತು. ಎಲ್ಲಕ್ಕಿಂತ ಹಳೇದು. ಯಾರದು ಅಂತ ಅಜ್ಜಿ ಕೇಳಿದ್ರೆ ಅಜ್ಜ ಎದ್ದು ಹೋಗ್ತಿದ್ರಂತೆ. ವಾರಸುದಾರರಿಲ್ಲ ಅಂತ ನಾನು ಹಾಕ್ಕೊಂಡೆ."

ಎಲ್ಲಕ್ಕಿಂತ ಹಳೆಯದು ಯಾವ ಮಗುವಿನದೆಂದು ಲೇಚುಗೆ ಹೊಳೆಯಿತು. ಹೊಕ್‌ಲೈ ಮಾತ್ರ ಮೇಜಿನ ಮೇಲೆ ಚೆಲ್ಲಿದ್ದ ಸಾರನ್ನು ಬೆರಳಿಂದ ಒರೆಸುತ್ತ ಕುಳಿತಿದ್ದ.

"ನಿಮ್ಮಜ್ಜ ಈಗ?"

"ನಾನು ಚಿಕ್ಕವಳಿದ್ದಾಗ ಹೋದ್ರು. ಅಜ್ಜೀನೂ ಅವರ ಪಕ್ಕದಲ್ಲೇ ಇದಾರೆ, ಜೋಡಿಗೋರಿ. ಗುಡ್ಡದ ಮೇಲೆ, ತುಂಬ ಚೆನ್ನಾಗಿದೆ."

ಅವನು ತಾನಾರೆಂದು ಹೇಳಲಿಲ್ಲ. ಹಳೆಯ ನಾಣ್ಯದ ಹುಚ್ಚು ನನಗೆ ಎಂದಷ್ಟೇ ಹೇಳಿ, ಡಬ್ಬಿ ತಂದು ಅವಳ ಮುಂದೆ ಸುರಿದು, ಇಷ್ಟವಾದದ್ದು ಆರಿಸಿಕೊ, ಅದನ್ನು ನನಗೆ ಬಿಡು ಎಂದ. ಹುಡುಗಿ ನಗುತ್ತ ತ್ರಿಶೂಲದ ಹೆಂಗಸನ್ನು ಆರಿಸಿಕೊಂಡಳು.

"ಗೋರಿ ತೆಗೆಸೋಕೆ ಯಾವಾಗ ಹೇಳಲಿ ಅಣ್ಣ?" ಎಂದು ಲೇಚು ಆ ಸಂಜೆ ಕೇಳಿದಳು.

"ಅದು ಆ ಮೀನಲ್ಲ" ಎಂದ ಹೊಕ್‌ಲೈ.

ಅಂದಿನಿಂದ ಡಬ್ಬಿ ತೆರೆಯಲಿಲ್ಲ. ಸಿಪಾಯಿಗಳು ನಾಣ್ಯ ತಂದರೆ ಬೇಡವೆಂದು ಕಳಿಸಿದ. ಕಡಲಗಾಳಿ ಜೋರಾಗುವ ಚಳಿಗಾಲದಲ್ಲಿ ಕೆಮ್ಮು ಹಿಡಿದು ಹಾಸಿಗೆಗೆ ಬಿದ್ದ. ಲೇಚು ಗೆಣಸಿನ ಗಂಜಿ ಕುಡಿಸಲು ಹೋದರೆ ಎರಡು ಗುಟುಕಿಗೆ ಸಾಕೆನ್ನುತ್ತಿದ್ದ. ಒಂದು ಮಧ್ಯಾಹ್ನ ದಿಂಬಿನಡಿಯಿಂದ ಆ ನಾಣ್ಯವನ್ನು ತೆಗೆದು ಅವಳ ಅಂಗೈಗೆ ಹಾಕಿದ.

"ಸತ್ತೋರ ಬಾಯಿಗೆ ಬೆಳ್ಳಿ ಇಡ್ತೀವಲ್ಲ ತಂಗಿ. ನನಗೆ ಇದನ್ನ ಇಡು."

"ಇದು ಅವ್ವನ ಎಡಗಡೆಗೆ ಸೇರಬೇಕಾದ್ದಲ್ವಾ ಅಣ್ಣ?"

"ಎಷ್ಟು ಕರೆದ್ರೂ ಬರಲ್ಲ ಅವರು. ಅಲ್ಲಿ ಹೆಂಡ್ತಿ ಪಕ್ಕ ಮಲಗಿದಾರೆ."

"ಹಂಗಂತ..."

"ಕೇಳು. ನಾನು ಹೋದ ಕೂಡಲೇ ಅವ್ವ ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾಳೆ, ಅಪ್ಪ ಸಿಕ್ಕಿದ್ನಾ ಅಂತ. ಹುಟ್ಟಿದಾಗಿಂದ ಅವಳ ಹತ್ರ ಸುಳ್ಳು ಹೇಳಿಲ್ಲ ನಾನು. ಬಾಯಲ್ಲಿ ಇಷ್ಟು ದೊಡ್ಡ ಬೆಳ್ಳಿ ಇದ್ರೆ ಮಾತಾಡೋ ಹಾಗಿರಲ್ಲ. ನಾಲಿಗೆ ಮೇಲೆ ಒತ್ತಿ ಇಡು ತಂಗಿ, ಜಾರದ ಹಾಗೆ."