ತುಂಡು ಗೆರೆಯ ತಪ್ಪು

ನಿವೃತ್ತಿಗೆ ನಾಲ್ಕು ವರ್ಷ ಬಾಕಿಯಿದ್ದಾಗ ನಾನು ತುಮಕೂರಿನ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾಗಿದ್ದೆ. ಎಂಜಿನಿಯರುಗಳು ಕ್ಯಾಡ್ ತಂತ್ರಾಂಶದಲ್ಲಿ ಬರೆದ ನಕ್ಷೆಗಳನ್ನು ಪಿಡಿಎಫ್ ಮಾಡಿ ಹೊರಗಿನ ವರ್ಕ್‌ಶಾಪ್‌ಗಳಿಗೆ ಕಳಿಸಬೇಕಿತ್ತು. ಆ ಕೆಲಸವನ್ನು ನಕ್ಷೆ ವಿಭಾಗದ ಸವಿತಾ ಮಾಡುತ್ತಿದ್ದರು. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬಂದು, ಒಂದೊಂದೇ ನಕ್ಷೆ ತೆರೆದು, ಕಣ್ಣಾಡಿಸಿ ಕಳಿಸುತ್ತಿದ್ದರು. ದಿನಕ್ಕೆ ಅರವತ್ತು ದಾಟುತ್ತಿರಲಿಲ್ಲ. ಎಂಜಿನಿಯರು ಒಪ್ಪಿದ ಕೂಡಲೇ ತಾವಾಗಿಯೇ ಪಿಡಿಎಫ್ ಮಾಡಿ ಕಳಿಸಿಬಿಡುವ ಎರಡು ಕಂಪ್ಯೂಟರ್‌ಗಳನ್ನು ಆರಿಸುವ ಹೊಣೆ ನನಗೆ ಬಂತು.

ಕ್ಯಾಡ್ ಕಂಪನಿ ತಾನು ಪರೀಕ್ಷಿಸಿ ಒಪ್ಪಿದ ಆಪರೇಟಿಂಗ್ ಸಿಸ್ಟಂ ಮತ್ತು ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ಗಳ ಪಟ್ಟಿ ಕೊಟ್ಟಿತ್ತು. ಎಂಜಿನಿಯರುಗಳ ಕಂಪ್ಯೂಟರ್‌ಗಳೆಲ್ಲ ಅದರಂತೆಯೇ ಇದ್ದವು. ನಾನು ಪಟ್ಟಿಯನ್ನು ಪಕ್ಕಕ್ಕಿಟ್ಟು, ನನ್ನ ಕೋಣೆಯಲ್ಲಿ ಸುಮ್ಮನೆ ಕೂತಿದ್ದ ಎರಡು ಸರ್ವರ್‌ಗಳನ್ನು ಆರಿಸಿದೆ. ಅವುಗಳ ಆಪರೇಟಿಂಗ್ ಸಿಸ್ಟಂ ಬೇರೆ; ಗ್ರಾಫಿಕ್ಸ್ ಕಾರ್ಡಂತೂ ಇರಲೇ ಇಲ್ಲ.

"ಸಾರ್, ಹಳೇ ನಕ್ಷೆ ಒಂದಿಪ್ಪತ್ತು ಎಂಜಿನಿಯರ್ ಮಷೀನಲ್ಲೂ ಈ ಸರ್ವರಲ್ಲೂ ಪ್ರಿಂಟ್ ತೆಗ್ದು ಪಕ್ಕಪಕ್ಕ ಇಟ್ಟು ನೋಡೋಣ. ಒಂದು ವಾರ ಸಾಕು," ಎಂದರು ಸವಿತಾ ಸಭೆಯಲ್ಲಿ.

"ಯಾರೂ ಕೂತು ನೋಡದೇ ಇರೋ ಮಷೀನ್‌ಗೆ ಗ್ರಾಫಿಕ್ಸ್ ಯಾಕಮ್ಮ? ಪಿಡಿಎಫ್ ಎಲ್ಲಿ ಮಾಡಿದ್ರೂ ಒಂದೇ," ಎಂದೆ. ಸಭೆಯಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ಎರಡು ತಿಂಗಳಿಗೆ ಕುಣಿಗಲ್‌ನ ಮಹದೇವಣ್ಣನವರ ವರ್ಕ್‌ಶಾಪಿನಿಂದ ಬಂದ ನೂರನಲವತ್ತು ಉಕ್ಕಿನ ಪ್ಲೇಟುಗಳು ತಪ್ಪಾಗಿದ್ದವು. ಹಿಂಬದಿಯಲ್ಲಿರಬೇಕಾದ ಗ್ರೂವ್, ಅಂದರೆ ಉದ್ದನೆಯ ಕೊರೆತ, ಮುಂಬದಿಯಲ್ಲಿತ್ತು. ನಕ್ಷೆಯನ್ನು ನೋಡಿ ಕಳಿಸಿದವರು ಯಾರೆಂದು ಮ್ಯಾನೇಜರ್ ಕೇಳಿದರು. "ಪಿಡಿಎಫ್ ನೋಡ್ಕೊಳ್ಳೋದು ನಕ್ಷೆ ವಿಭಾಗದ ಕೆಲ್ಸ," ಎಂದುಬಿಟ್ಟೆ. ಹೊಸ ವ್ಯವಸ್ಥೆಯಲ್ಲಿ ಸವಿತಾ ನೋಡುವ ಹಂತವನ್ನೇ ತೆಗೆದುಹಾಕಿದ್ದವನು ನಾನು. ಅಲ್ಲೇ ಇದ್ದ ಅವರು ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಸಂಜೆಯೊಳಗೆ ಅವರಿಗೆ ಕಾರಣ ಕೇಳಿ ನೋಟಿಸ್ ಬಂತು.

ಮರುದಿನ ನಾನು ಕುಣಿಗಲ್‌ಗೆ ಹೋದೆ. ಮಹದೇವಣ್ಣ ಎಣ್ಣೆಗೈ ಒರೆಸಿಕೊಂಡು ನಕ್ಷೆಯ ಪ್ರಿಂಟು ಹರಡಿದರು. "ತುಂಡು ಗೆರೆ ಇದ್ರೆ ಹಿಂದ್ಗಡೆ ಕೊರೀಬೇಕು, ತುಂಬು ಗೆರೆ ಇದ್ರೆ ಮುಂದ್ಗಡೆ. ಇಪ್ಪತ್ತು ವರ್ಷದಿಂದ ಹಂಗೇ ಮಾಡ್ಕೊಂಡ್ ಬಂದಿವ್ನಿ ಸಾರ್. ಇದ್ರಲ್ಲಿ ತುಂಡು ಎಲ್ಲೈತೆ, ನೀವೇ ತೋರ್ಸಿ."

ಎಲ್ಲೂ ಇರಲಿಲ್ಲ. ತುಮಕೂರಿಗೆ ಮರಳಿ ಎಂಜಿನಿಯರೊಬ್ಬರ ಕಂಪ್ಯೂಟರಿನಲ್ಲಿ ಅದೇ ನಕ್ಷೆ ತೆರೆದೆ. ತುಂಡು ಗೆರೆ ಸ್ಪಷ್ಟವಾಗಿ ಕಂಡಿತು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಸರ್ವರ್ ಕೆಲವು ನಕ್ಷೆಗಳಲ್ಲಿ ಸಣ್ಣ ತುಂಡುಗಳನ್ನು ಕೂಡಿಸಿ ಒಂದೇ ಗೆರೆ ಮಾಡಿಬಿಡುತ್ತಿತ್ತು.

ಇದನ್ನು ತಿಳಿಯಲು ಹತ್ತು ನಿಮಿಷ ಸಾಕಾಯಿತು. ಬಾಯಿಬಿಡಲು ಎಂಟು ದಿನ ಬೇಕಾಯಿತು. ಮೊದಲು ಸರಿಪಡಿಸಿ ಆಮೇಲೆ ಹೇಳೋಣವೆಂದು ನನಗೆ ನಾನೇ ನೆಪ ಹೇಳಿಕೊಂಡೆ. ಸರ್ವರ್‌ಗಳನ್ನು ನಿಲ್ಲಿಸಿ, ಪಟ್ಟಿಯಲ್ಲಿದ್ದಂಥದೇ ಎರಡು ಕಂಪ್ಯೂಟರ್ ತರಿಸಿದೆ. ಅಷ್ಟರಲ್ಲಿ ಸವಿತಾ ಅವರನ್ನು ಬಿಡಿಭಾಗಗಳನ್ನಿಡುವ ಸ್ಟೋರ್ಸ್‌ಗೆ ಹಾಕಿದ್ದರು.

ಒಂಬತ್ತನೆಯ ದಿನ ಮ್ಯಾನೇಜರ್‌ಗೆ ಪತ್ರ ಕೊಟ್ಟು ಸ್ಟೋರ್ಸ್‌ಗೆ ಹೋದೆ. ಸವಿತಾ ಬೇರಿಂಗ್ ಡಬ್ಬಗಳನ್ನು ಜೋಡಿಸುತ್ತಿದ್ದರು. ತಪ್ಪು ನನ್ನದೆಂದು ಹೇಳಿದೆ.

"ಗೊತ್ತಿತ್ತು ಸಾರ್. ನೋಟಿಸ್ ಬಂದ್ ದಿನಾನೇ ಎರಡೂ ಮಷೀನ್ ಪ್ರಿಂಟ್ ತೆಗೆದಿಟ್ಕೊಂಡಿದ್ದೆ."

"ಮತ್ತೆ ಯಾಕೆ ತೋರಿಸ್ಲಿಲ್ಲ?"

"ನೀವು ಸರ್ವರ್ ನಿಲ್ಲಿಸ್ದಾಗ್ಲೇ, ನೀವೇ ಹೇಳ್ತೀರ ಅಂದ್ಕೊಂಡೆ. ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ ಕಾದೆ."

ನೋಟಿಸ್ ರದ್ದಾಯಿತು. ಸವಿತಾ ತಮ್ಮ ವಿಭಾಗಕ್ಕೆ ಮರಳಿ, ಹೊಸ ಕಂಪ್ಯೂಟರ್‌ಗಳ ಪ್ರಿಂಟುಗಳನ್ನು ತಾವೇ ಹೋಲಿಸಿ ಒಪ್ಪಿಗೆ ಕೊಟ್ಟರು. ಯಾರೂ ಎದುರು ಕೂರದ ಯಂತ್ರವನ್ನು ಆರಿಸುವಾಗಲೇ ಹೆಚ್ಚು ಎಚ್ಚರ ಬೇಕೆಂದು ಆ ಕೆಲಸ ಕಲಿಸಿತು. ಅದನ್ನು ಹೊಸಬರಿಗೆಲ್ಲ ಹೇಳಿಕೊಟ್ಟಿದ್ದೇನೆ. ಹೇಳದೆ ಉಳಿದದ್ದು ಒಂದಿದೆ: ಮ್ಯಾನೇಜರ್‌ಗೆ ಕೊಟ್ಟ ಪತ್ರದಲ್ಲಿ ನಾನು, ದೋಷ ಇಂದು ಪತ್ತೆಯಾಯಿತು ಎಂದು ಬರೆದಿದ್ದೆ. ಅದರ ಒಂದು ಪ್ರತಿ ಸವಿತಾ ಅವರಿಗೂ ಹೋಗಿತ್ತು.