ಅರವತ್ತು ಓಮ್ ಹುಡುಕಿಕೊಂಡು ನಂದಗುಡಿಗೆ

ಬೆಳಿಗ್ಗೆ ಆರೂಕಾಲಿಗೆ ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತಿದೆ. ಚೀಲದಲ್ಲಿ ಮೀಟರು, ಸ್ಕ್ಯಾನರು, ಅವುಗಳ ವೈರುಗಳು, ಎರಡು ಚಪಾತಿ. ಹೆಂಗಸಾದ್ದರಿಂದ ಟಿಕೆಟ್ಟು ಪುಕ್ಕಟೆ.

"ಇಷ್ಟೊಂದ್ ವೈರು ಯಾಕಮ್ಮಾ?" ಎಂದ ಕಂಡಕ್ಟರ್.

"ಕಾರಿನ ಕಾಯಿಲೆ ನೋಡೋಕ್ ಹೋಗ್ತಿದೀನಿ" ಎಂದೆ. ಅವನು ನನ್ನನ್ನೂ ಚೀಲವನ್ನೂ ಇನ್ನೊಮ್ಮೆ ನೋಡಿದ. ಹನ್ನೆರಡು ವರ್ಷದಿಂದ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿರುವ ನನಗೆ ಈ ನೋಟ ಹೊಸದಲ್ಲ.

ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ, ಸೂಲಿಬೆಲೆಯಲ್ಲಿ ಇಳಿದು ಬಿಸಿ ಇಡ್ಲಿ ತಿಂದೆ. ಅಲ್ಲಿಂದ ಶೇರ್ ಆಟೋದಲ್ಲಿ ನಂದಗುಡಿ ಸೇರಿದಾಗ ಒಂಬತ್ತೂವರೆ. ಚಳಿ ಇನ್ನೂ ಬಿಟ್ಟಿರಲಿಲ್ಲ, ಆಟೋದಲ್ಲಿ ಕಿವಿ ಮರಗಟ್ಟಿ ಹೋಗಿತ್ತು.

ನನ್ನನ್ನು ಕರೆಸಿದ ಜಯಮ್ಮ ಊರಿನ ಹೆಂಗಸರಿಗೆ ಕಾರು ಕಲಿಸುತ್ತಾರೆ. ಒಂದು ತಿಂಗಳಿಂದ ಅವರ ಕಾರು ಹೋಗುತ್ತಾ ಹೋಗುತ್ತಾ ನಿಂತುಬಿಡುತ್ತಿತ್ತು, ಅದೂ ಹೆಚ್ಚಾಗಿ ಮಂಗಳಾ ಎಂಬ ಶಿಷ್ಯೆ ಓಡಿಸುವಾಗ. ಅವಳ ಲೈಸೆನ್ಸ್ ಪರೀಕ್ಷೆ ಅಂದೇ ಮಧ್ಯಾಹ್ನ ಎರಡಕ್ಕೆ ಇತ್ತು. ಅವಳೋ ಜಯಮ್ಮನ ಮನೆಯ ಜಗಲಿ ಬಿಟ್ಟು ಏಳಲು ಸಿದ್ಧಳಿರಲಿಲ್ಲ.

"ನಾನ್ ಬರಲ್ಲ ಅಕ್ಕಾ. ನನ್ ಕಾಲಿಗೇ ಕ್ಲಚ್ಚು ಒಗ್ಗಲ್ಲ. ಊರೆಲ್ಲಾ ನಗ್ತಾವ್ರೆ."

ಸ್ಕ್ಯಾನರು ಸಿಕ್ಕಿಸಿದೆ. ಎಂಜಿನ್ನಿನ ಕಂಪ್ಯೂಟರ್ ಆಗಾಗ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಅದು ತೋರಿಸಿತು. ಕಾರಿನೊಳಗಿನ ಕಂಪ್ಯೂಟರುಗಳು ಹೆಣೆದ ಎರಡು ತಂತಿಗಳ ಮೇಲೆ ಮಾತಾಡಿಕೊಳ್ಳುತ್ತವೆ. ತಂತಿ ಸರಿಯಿದ್ದರೆ, ಬ್ಯಾಟರಿ ಬಿಚ್ಚಿ ಅವುಗಳ ನಡುವಿನ ವಿದ್ಯುತ್ ತಡೆ ಅಳೆದಾಗ ಅರವತ್ತು ಓಮ್ ಬರಬೇಕು. ಸರಿಯಾಗಿ ಅರವತ್ತೇ ಬಂತು! ನನಗೆ ತಲೆ ಕೆಟ್ಟಿತು.

"ಕಾರು ನಿಲ್ಲೋದು ಎಲ್ಲಿ ಮಂಗಳಾ?"

"ಕೆರೆ ಏರಿ ಮೇಲೆ, ನಾನ್ ಕಲಿಯೋದೇ ಅಲ್ಲಿ. ಹಳ್ಳ ಬಂದ್ರೆ ಸಾಕು, ಆಫಾಗ್ಬಿಡುತ್ತೆ."

ಹಾಗಾದರೆ ಇದು ಕುಲುಕಿದಾಗ ಮಾತ್ರ ಕಾಣುವ ದೋಷ! "ಬಾ ಇಲ್ಲಿ, ಕಾರನ್ನ ಹಿಡ್ಕೊಂಡು ಜೋರಾಗಿ ಅಲ್ಲಾಡ್ಸು" ಎಂದೆ. ಅವಳು ಒಂದು ತಿಂಗಳ ಸಿಟ್ಟನ್ನೆಲ್ಲ ಸೇರಿಸಿ ಅಲ್ಲಾಡಿಸಿದಳು. ಮೀಟರು ಅರವತ್ತರಿಂದ ನೂರಿಪ್ಪತ್ತಕ್ಕೆ ಜಿಗಿಯಿತು. ಎಲ್ಲೋ ತಂತಿ ಬಿಟ್ಟು ಬಿಟ್ಟು ತಗಲುತ್ತಿದೆ! "ಸಿಕ್ತು!" ಎಂದು ನಾನು ಕೂಗಿದ ರಭಸಕ್ಕೆ ಎದುರುಮನೆಯವರು ಹೊರಗೆ ಬಂದರು.

ಎಂಜಿನ್ ಕಂಪ್ಯೂಟರಿನ ಕನೆಕ್ಟರ್ ಕಿತ್ತರೆ ಪಿನ್ನುಗಳಿಗೆಲ್ಲ ಹಸಿರು ಕಿಲುಬು, ಅದರ ಮೇಲೆ ಹಳದಿ ಗಸಿ. ಜಯಮ್ಮ ನಾಲಿಗೆ ಕಚ್ಚಿಕೊಂಡರು.

"ಆಯುಧಪೂಜೆ ದಿನ ಕಣಮ್ಮಾ... ಇದೇ ಕಾರಿನ ಮೆದುಳು ಅಂತ ಯಾರೋ ಅಂದಿದ್ರು. ಒಳಗಡೇನೂ ಒಂಚೂರು ಅರಿಶಿನ ಕುಂಕುಮ ಇರ್ಲಿ ಅಂತ ಕಿತ್ತು, ನೀರಲ್ಲಿ ಕಲಸಿ ಹಚ್ಬಿಟ್ಟೆ." ಆಮೇಲೆ ಮಂಗಳಾಳತ್ತ ತಿರುಗಿದರು. "ಸುಮ್‌ಸುಮ್ನೆ ನಿನ್ನ ಬೈದ್ಬಿಟ್ನಲ್ಲೇ."

ಮಂಗಳಾ ಮನೆಗೆ ಹೋಗಿ ಮುಖ ತೊಳೆದು, ಬೇರೆ ಸೀರೆ ಉಟ್ಟುಕೊಂಡು ಬಂದಳು.

ಪಿನ್ನುಗಳನ್ನು ಒಂದೊಂದಾಗಿ ಉಜ್ಜಿ ಒಣಗಿಸಿ ಜೋಡಿಸಲು ಒಂದೂವರೆ ಗಂಟೆ ಹಿಡಿಯಿತು. ಎಷ್ಟು ಅಲ್ಲಾಡಿಸಿದರೂ ಅರವತ್ತು ಅಲುಗಲಿಲ್ಲ. ಕೆರೆ ಏರಿಯ ಹಳ್ಳಗಳಲ್ಲಿ ಮೂರು ಸಲ ಓಡಿಸಿದೆವು. ಕುಲುಕಾಟಕ್ಕೆ ನನ್ನ ಸೊಂಟ ನೊಂದಿತೇ ಹೊರತು ಕಾರಿಗೆ ಏನೂ ಆಗಲಿಲ್ಲ. ನಾನಂತೂ ಹಿಂದಿನ ಸೀಟಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದೆ.

ಹೊಸಕೋಟೆವರೆಗೂ ಮಂಗಳಾಳೇ ಓಡಿಸಿದಳು. ಪರೀಕ್ಷೆಯ ಮೈದಾನದ ಎದುರಿಗೇ ನನ್ನ ಬಸ್ ಸ್ಟಾಪು. ಎರಡು ಬಸ್ಸು ಬಂದವು, ಎರಡನ್ನೂ ಬಿಟ್ಟೆ. ಬೇಲಿ ಹಿಡಿದು ನಿಂತೇ ಇದ್ದೆ. ಅವಳು ಎಂಟರ ಆಕಾರದಲ್ಲಿ ಸುತ್ತಿದಳು, ಹಿಂದಕ್ಕೆ ಬಂದಳು, ದಿಣ್ಣೆ ಹತ್ತಿ ಇಳಿದಳು. ಕೊನೆಯ ಬಿಳಿ ಗೆರೆಯ ಬಳಿ ಪರೀಕ್ಷಕರು ಕೈ ಎತ್ತಿದರು.

ಕಾರು ನಿಂತಿತು. ಈ ಸಲ ನಿಲ್ಲಿಸಿದವಳು ಅವಳು.